ವೈನಿ ಹೇಳಿದ ದೆವ್ವದ ಕಥೆ

ಎಂಬತ್ತರ ದಶಕದ ನಡುಭಾಗದಲ್ಲಿ ನಾವು ಆರ್.ಟಿ. ನಗರದ ಒಂದು ವಠಾರದಲ್ಲಿದ್ದೆವು. ರಸ್ತೆಗೆ ಮುಖ ಮಾಡಿ ಓನರ್ ಮನೆ. ಅದರ ಪಕ್ಕದ ಸಣ್ಣ ದಾರಿಯಲ್ಲಿ ಒಳಗೆ ಹೋದರೆ ಸಾಲಾಗಿ ನಾಲ್ಕು ಬಾಡಿಗೆ ಮನೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ನಮ್ಮದು ಎರಡನೆಯ ಮನೆ. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಹೆಚ್ಚಾಗಿ ಸೆಕೆಂಡ್ ಶಿಫ್ಟ್. ನಾನು ಯಶವಂತಪುರದ ಒಂದು ಲಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಂಜೆ ಬಸ್ಸಿಳಿದು ಬಂದರೆ ಮನೆಯಲ್ಲಿ ಮಾತಾಡಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಚಪ್ಪಲಿ ಬಿಟ್ಟು ಮುಖ ತೊಳೆದು ನೇರ ಓನರಮ್ಮನ ಮನೆಗೆ ಹೋಗುತ್ತಿದ್ದೆ.

ಓನರಮ್ಮನಿಗೆ ಆಗ ನಲವತ್ತೈದರ ಆಸುಪಾಸು. ಮಕ್ಕಳಿರಲಿಲ್ಲ. ಯಜಮಾನರು ಸರ್ಕಾರಿ ಆಫೀಸಿನಿಂದ ಬಂದವರೇ ಹೊರಗಿನ ಜಗಲಿಯ ಮೇಲೆ ಪೇಪರ್ ಹಿಡಿದು ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಓನರಮ್ಮನಿಗೆ ಕಥೆಯ ಹುಚ್ಚು, ಆದರೆ ಅಕ್ಷರ ನೋಡಿದರೆ ತಲೆನೋವು. ಅದಕ್ಕೆ ವಾರಪತ್ರಿಕೆ ಬಂದ ದಿನ ಧಾರಾವಾಹಿಯನ್ನು ನಾನು ಓದಿ ಹೇಳುತ್ತಿದ್ದೆ. ಅವರು ಅವರೆಕಾಯಿ ಬಿಡಿಸುತ್ತಲೋ ಹೂ ಕಟ್ಟುತ್ತಲೋ ಕೇಳುತ್ತಿದ್ದರು. ಉಳಿದ ಮನೆಗಳ ಹೆಂಗಸರೂ ಬಂದು ಗೋಡೆಗೊರಗಿ ಕೂರುತ್ತಿದ್ದರು. ಓದು ಮುಗಿದ ಮೇಲೆ ನನಗೊಂದು ಲೋಟ ಕಾಫಿ, ಕಟ್ಟಿದ ಹೂವಿನಲ್ಲಿ ಒಂದು ಮೊಳ. ಮೂರು ವರ್ಷ ಹೀಗೆ ನಡೆದಿತ್ತು. ನನಗೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಓನರಮ್ಮ ನನ್ನ ತಲೆ ತಮ್ಮ ಕಡೆ ತಿರುಗಿಸಿ ಹೂ ಮುಡಿಸುವಾಗ ಅವರು ನನ್ನವರು ಎನ್ನಿಸುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೂ.

ನಾಲ್ಕನೆಯ ವರ್ಷ ಎರಡು ಸಂಗತಿ ನಡೆದವು. ಓನರ್ ಮನೆಗೆ ಟೀವಿ ಬಂತು, ಮರದ ಬಾಗಿಲಿನ ಕಪ್ಪುಬಿಳುಪು ಟೀವಿ. ಅದಾದ ಎರಡು ತಿಂಗಳಿಗೆ ಕೊನೆಯ ಮನೆಗೆ ಬಿಜಾಪುರದ ಕಡೆಯ ಗಂಡಹೆಂಡತಿ ಬಾಡಿಗೆಗೆ ಬಂದರು. ಅವನಿಗೆ ಹೆಬ್ಬಾಳದ ಹತ್ತಿರದ ಒಂದು ಕಾಲೇಜಿನಲ್ಲಿ ಗುಮಾಸ್ತನ ಕೆಲಸ. ಅವಳು ನನ್ನದೇ ವಯಸ್ಸಿನವಳು, ಇಪ್ಪತ್ತಾರೋ ಇಪ್ಪತ್ತೇಳೋ. ಅವಳ ಮೈದುನ ಊರಿಂದ ಬಂದಿದ್ದಾಗ ಅವಳನ್ನು ‘ವೈನಿ’ ಎಂದು ಕರೆದ. ಅವರ ಕಡೆ ಅತ್ತಿಗೆಗೆ ಹಾಗೆನ್ನುತ್ತಾರಂತೆ. ಅದು ವಠಾರದವರಿಗೆಲ್ಲ ಹಿಡಿಸಿ ಅವಳು ಎಲ್ಲರಿಗೂ ವೈನಿಯಾದಳು.

ಟೀವಿ ಬಂದದ್ದರಿಂದ ನನಗೆ ಮೊದಲು ಅಂಥ ತೊಂದರೆ ಆಗಲಿಲ್ಲ. ಹಿಂದಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಡು ಬಂದರೆ ನೋಡುತ್ತಿದ್ದರು, ಮಾತು ಬಂದರೆ ಎದ್ದು ಹೋಗುತ್ತಿದ್ದರು. ನನ್ನ ಓದು ನಡೆದೇ ಇತ್ತು. ಆಮೇಲೆ ವಾರಕ್ಕೊಂದು ಸಲ ಒಂದು ದೆವ್ವದ ಧಾರಾವಾಹಿ ಶುರುವಾಯಿತು. ಗುಡ್ಡದ ಮೇಲೆ ಹಳೆಯ ಬಂಗಲೆ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು. ಮಹಡಿಯ ಮೇಲೊಂದು ಬೀಗ ಹಾಕಿದ ಕೋಣೆ, ಅದರೊಳಗೆ ತಾನಾಗಿ ತೂಗುವ ತೊಟ್ಟಿಲು. ಮೇಣದಬತ್ತಿ ಹಿಡಿದು ಮೆಟ್ಟಿಲು ಹತ್ತುವ ಬಿಳಿ ಸೀರೆಯ ಇನ್ನೊಬ್ಬ ಹೆಂಗಸು. ಮೊದಲ ಕಂತಿನಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೋಡಿದರು, ಆದರೆ ಯಾರು ಯಾರಿಗೆ ಏನಾಗಬೇಕು ಎನ್ನುವುದೇ ತಿಳಿಯಲಿಲ್ಲ. ಓನರಮ್ಮ ನನ್ನ ಕಡೆ ತಿರುಗಿದರು.

“ಏನಮ್ಮ, ನೀನು ಸ್ಕೂಲಲ್ಲಿ ಹಿಂದಿ ಕಲ್ತಿದ್ದೀಯಲ್ಲ. ಏನಂತೆ ಅದು?”

ಮೂರು ವರ್ಷ ಕಲಿತಿದ್ದೆ ನಿಜ. ಆದರೆ ಅವರು ಮಾತಾಡುವ ವೇಗಕ್ಕೆ ಮನೆ, ರಾತ್ರಿ, ಬಾಗಿಲು ಎನ್ನುವಂಥ ಬಿಡಿ ಮಾತುಗಳಷ್ಟೇ ಕೈಗೆ ಸಿಕ್ಕುತ್ತಿದ್ದವು. “ಏನೋ ಮನೆ ವಿಷಯ ಅಮ್ಮ,” ಎಂದೆ. ಹಿಂದಿನಿಂದ ವೈನಿಯ ದನಿ ಬಂತು.

“ನಾ ಹೇಳ್ಲೇನ್ರಿ ಕಾಕು? ಆ ಹೆಣ್ಮಗಳು ಎರಡನೇ ಹೆಂಡ್ತಿ. ಮೊದಲನೇಕಿ ಹೋಗಿ ಒಂದು ವರ್ಷ ಆಗೇತಿ. ಮ್ಯಾಲಿನ ಖೋಲಿಗೆ ಕೀಲಿ ಯಾಕ ಹಾಕ್ಯಾರ ಅಂತ ಕೇಳಾಕತ್ತಾಳ, ಯಾರೂ ಹೇಳವಲ್ರು.”

ಬಿಜಾಪುರದ ಪೇಟೆಯಲ್ಲಿ ಬೆಳೆದವಳು ಅವಳು. ಅವರ ಓಣಿಯ ಅರ್ಧ ಮನೆಗಳಲ್ಲಿ ಹಿಂದಿಯಂಥದ್ದೇ ಮಾತಂತೆ. ಮುಂದಿನ ವಾರದಿಂದ ಅವಳ ಜಾಗ ಬದಲಾಯಿತು. ಬಾಗಿಲ ಹತ್ತಿರ ಕೂರುತ್ತಿದ್ದವಳು ಓನರಮ್ಮನ ಮಗ್ಗುಲಿಗೆ ಬಂದಳು. ಅದು ನಾನು ಕೂತು ಓದುತ್ತಿದ್ದ ಜಾಗ. ನಾನು ಸ್ವಲ್ಪ ಸರಿದು ಕಿಟಕಿಯ ಕೆಳಗೆ ಕೂತೆ. ಯಾರೂ ಗಮನಿಸಲಿಲ್ಲ.

ಅವಳು ಹೇಳುವ ರೀತಿಯೇ ಬೇರೆ ಇತ್ತು. ಮಾತು ಮಾತಿಗೆ ಅರ್ಥ ಹೇಳುತ್ತಿರಲಿಲ್ಲ. ದೃಶ್ಯ ಮುಗಿಯುವ ತನಕ ಸುಮ್ಮನೆ ನೋಡಿ, ಆಮೇಲೆ ಸಣ್ಣ ದನಿಯಲ್ಲಿ ನಿಧಾನವಾಗಿ ಹೇಳುತ್ತಿದ್ದಳು. ಮುದುಕಿ ಆಯಾ ಬಂದರೆ ಮುದುಕಿಯ ದನಿ, ಗಂಡ ಬಂದರೆ ಗಂಡಸಿನ ದನಿ. ಟೀವಿಯಲ್ಲಿ ಬಾಗಿಲು ಕಿರ್ರೆಂದರೆ ಹೆದರದ ಹೆಂಗಸರು, ಅವಳು “ಈಗ ಕೀಲಿಕೈ ಸಿಕ್ತು ನೋಡ್ರಿ” ಎಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನೂ ಹೆದರುತ್ತಿದ್ದೆ. ಹೆದರಿದ್ದಕ್ಕೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು.

ಒಂದು ತಿಂಗಳಲ್ಲಿ ನನ್ನ ಓದು ನಿಂತುಹೋಯಿತು. ಯಾರೂ ನಿಲ್ಲಿಸು ಎನ್ನಲಿಲ್ಲ. ಪತ್ರಿಕೆ ಬಂದ ದಿನ ಹೋದರೆ ಓನರಮ್ಮ, “ಇವತ್ತು ಬೇಡಮ್ಮ, ನಾಳೆ ನೋಡೋಣ,” ಎಂದು ವೈನಿಯ ಜೊತೆ ಹಿಂದಿನ ವಾರದ ಕಂತಿನ ಮಾತಿಗೆ ಕೂರುತ್ತಿದ್ದರು. ಕಾಫಿಯ ಮೊದಲ ಲೋಟ ಅವಳಿಗೆ ಹೋಯಿತು. ಹೂವು ಎರಡು ಭಾಗವಾಯಿತು. ಅವಳ ಭಾಗ ನನ್ನದಕ್ಕಿಂತ ಒಂದು ಗೇಣು ಉದ್ದವಿತ್ತೇ ಎಂದು ನಾನು ಮನೆಗೆ ಬಂದು, ತಲೆಯಿಂದ ಹೂ ತೆಗೆದು, ಬೆರಳಿನಲ್ಲಿ ಅಳೆದು ನೋಡಿದ್ದೂ ಉಂಟು. ಅವಳು ಓನರಮ್ಮನನ್ನು ‘ಕಾಕು’ ಎಂದು ಕರೆಯುವುದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನಾನು ಕರೆಯುತ್ತಿದ್ದ ‘ಅಮ್ಮ’ ತರಕಾರಿಯವನೂ ಕರೆಯುವ ‘ಅಮ್ಮ’. ಕಾಕು ಎನ್ನುವುದು ಸ್ವಂತ ಚಿಕ್ಕಮ್ಮನಿಗೆ ಹೇಳುವ ಮಾತು. ಬಂದ ಒಂದು ತಿಂಗಳಿಗೇ ಅವಳಿಗೆ ಅದು ಸಿಕ್ಕಿಬಿಟ್ಟಿತ್ತು.

ಒಂದು ದಿನ ಅವಳು ನನಗೂ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತಂದುಕೊಟ್ಟಳು. “ಅನ್ನಕ್ಕ ಹಚ್ಚಿಕೊಳ್ರಿ ಅಕ್ಕಾರ, ಮ್ಯಾಲೆ ಚೂರು ಎಣ್ಣಿ ಹಾಕ್ಕೊಳ್ರಿ,” ಎಂದಳು. ಚೆನ್ನಾಗಿರಬಾರದು ಎಂದು ಬೇಡಿಕೊಂಡು ಬಾಯಿಗಿಟ್ಟೆ. ತುಂಬ ಚೆನ್ನಾಗಿತ್ತು. ನನ್ನ ಗಂಡ ಮೂರು ದಿನ ಅದನ್ನೇ ತಿಂದು, “ಹೇಗೆ ಮಾಡ್ತಾರೆ ಕೇಳ್ಕೊಂಡ್ ಬಾರೆ,” ಎಂದರು. ನಾನು ಕೇಳಲಿಲ್ಲ.

ನನ್ನ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವಳ ಮನೆಯೂ ಆರ್.ಟಿ. ನಗರದಲ್ಲೇ, ಮಾರ್ಕೆಟ್ಟಿನ ಆಚೆ ಬದಿ. ಅವರ ಮನೆಯ ಮಾತು ಉರ್ದು. ಅವಳೂ ಆ ಧಾರಾವಾಹಿ ನೋಡುತ್ತಿದ್ದಳು. ಒಂದು ಕಂತಿನ ಮಾರನೆಯ ದಿನ ಟೀ ಹೊತ್ತಿಗೆ ಅದರ ಮಾತು ಬಂತು.

“ನಿನ್ನೆ ನೋಡಿದ್ರಾ? ಆ ತಾಯಿ ಅಳೋದು ನೋಡಕ್ಕಾಗಲ್ಲ ಕಣ್ರೀ. ನಮ್ಮ ಅಮ್ಮಿ ಎದ್ದು ಹೋಗ್ಬಿಟ್ರು.”

“ಪಾಪ, ಎಷ್ಟು ವರ್ಷ ಆಯ್ತೋ ಮಗು ನೋಡಿ,” ಎಂದೆ. “ಮಾವನ ಮನೆಯಿಂದ ಬಂದ ಒಂದು ಕಾಗದಾನೂ ಅವಳ ಕೈ ಸೇರಲಿಲ್ಲವಂತಲ್ಲ.”

ಅವಳು ಲೋಟ ಕೆಳಗಿಟ್ಟಳು. “ಯಾವ ಮಾವ?”

ವೈನಿ ಹೇಳಿದ್ದನ್ನು ಹೇಳಿದೆ. ಮೊದಲ ಹೆಂಡತಿಗೊಂದು ಮಗುವಿತ್ತು. ಬಂಗಲೆಯ ಹವೆ ಅದರ ಮೈಗೆ ಒಗ್ಗುವುದಿಲ್ಲವೆಂದು ದೂರದೂರಿಗೆ, ತಾಯಿಯ ಅಣ್ಣನ ಮನೆಗೆ ಕಳಿಸಿದರು. ಅಲ್ಲಿ ಅದು ಬೆಳೆಯುತ್ತಿದೆ, ಕುದುರೆ ಹತ್ತಲು ಕಲಿತಿದೆ. ತಾಯಿ ಮಾತ್ರ ಕಾಗದ ಕಾದು ಕಾದು ಸತ್ತಳು. ಆಯಾ ಕಾಗದಗಳನ್ನೆಲ್ಲ ಮಹಡಿಯ ಕೋಣೆಯಲ್ಲಿ ಬಚ್ಚಿಟ್ಟಿದ್ದಾಳೆ. ಅವನ್ನು ಹುಡುಕಲು ತಾಯಿ ಮೇಣದಬತ್ತಿ ಹಿಡಿದು ಬರುತ್ತಾಳೆ.

ಪಕ್ಕದ ಟೇಬಲ್ಲಿನವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು, “ಹಾಗೇನಿಲ್ಲಮ್ಮ. ಮಗು ತೋಟದ ಕಾರಂಜಿ ನೀರಲ್ಲಿ ಬಿದ್ದು ಹೋಯ್ತು. ತಾಯಿ ಅಲ್ಲೇ ಕೂತು ತಲೆ ಬಾಚ್ಕೋತಿದ್ಲು, ನೋಡಲಿಲ್ಲ. ಅದಕ್ಕೆ ಮನೆಯವರೆಲ್ಲ ಅವಳಿಗೆ ಮಗು ತಿಂದವಳು ಅಂತಾರೆ. ಎರಡು ವಾರದಿಂದ ಅದನ್ನೇ ಹೇಳ್ತಿದ್ದಾರೆ. ಮುಂದಿನ ವಾರ ಅದನ್ನ ಪೂರ್ತಿ ತೋರಿಸ್ತಾರಂತೆ.” ಒಂದು ಗುಟುಕು ಟೀ ಕುಡಿದು ಮತ್ತೆ ಅಂದಳು, “ಆದ್ರೂ ನಿಮ್ಮ ವಠಾರದವರದ್ದೇ ಚೆನ್ನಾಗಿದೆ ಅಲ್ವಾ. ಕುದುರೆ ಹತ್ತೋದು ಎಲ್ಲ.”

ಆ ಕೊನೆಯ ಮಾತನ್ನು ನಾನು ಕೇಳಿಸಿಕೊಳ್ಳದವಳಂತೆ ಇದ್ದೆ. ವೈನಿಗೆ ಹಿಂದಿ ಬರುವುದಿಲ್ಲ, ಎಲ್ಲ ಕಟ್ಟಿ ಹೇಳುತ್ತಿದ್ದಾಳೆ. ನನಗೆ ಬೇಕಾದದ್ದು ಸಿಕ್ಕಿತ್ತು. ಆ ಮಧ್ಯಾಹ್ನ ನಾನು ಟೈಪ್ ಮಾಡಿದ ಕಾಗದಗಳಲ್ಲಿ ಒಂದೂ ತಪ್ಪಿರಲಿಲ್ಲ. ವಾರವಿಡೀ ಆ ಗೆಳತಿಯನ್ನು ಕೇಳಿ ಕೇಳಿ ಮುಳುಗುವುದಕ್ಕೆ ಏನನ್ನುತ್ತಾರೆ, ಕಾರಂಜಿಗೆ ಏನನ್ನುತ್ತಾರೆ, ಶಾಪಕ್ಕೆ ಏನನ್ನುತ್ತಾರೆ ಎಂದು ತಿಳಿದುಕೊಂಡೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಕಂತಿನ ದಿನ ಬೇಗ ಅಡುಗೆ ಮುಗಿಸಿ ಎಲ್ಲರಿಗಿಂತ ಮೊದಲು ಹೋದೆ. ಹಳೆಯ ಜಾಗ ಹಿಡಿಯಬೇಕೆಂದಿದ್ದೆ. ಆದರೆ ವೈನಿ ಆಗಲೇ ಅಲ್ಲಿದ್ದಳು. ಓನರಮ್ಮನ ಕಾಲು ಊದಿತ್ತು, ಇವಳು ಬೇಸಿನ್ನಿನ ಬಿಸಿನೀರಿನಲ್ಲಿ ಅವರ ಕಾಲಿಡಿಸಿ ಬಟ್ಟೆಯಲ್ಲಿ ಶಾಖ ಕೊಡುತ್ತಿದ್ದಳು. ಅವರು ಕಣ್ಣು ಮುಚ್ಚಿ ಸುಖವಾಗಿ ಕೂತಿದ್ದರು. ನಾನು ಬಂದದ್ದು ನೋಡಿ, “ಬಾಮ್ಮ,” ಎಂದು ಮತ್ತೆ ಕಣ್ಣು ಮುಚ್ಚಿದರು.

ಆವತ್ತಿನ ಕಂತಿನಲ್ಲಿ ಬಂಗಲೆಯ ಹಿಂದಿನ ತೋಟ ತೋರಿಸಿದರು. ಕಲ್ಲಿನ ಕಾರಂಜಿ, ಅದರ ಸುತ್ತ ನೀರಿನ ಕೊಳ. ಬಿಳಿ ಸೀರೆಯ ತಾಯಿ ಬೆಂಚಿನ ಮೇಲೆ ಕೂತು ಕೂದಲು ಬಾಚುತ್ತಿದ್ದಾಳೆ. ಪುಟ್ಟ ಮಗು ಒಂದು ಚೆಂಡು ಹಿಡಿದು ಕೊಳದ ಅಂಚಿಗೆ ನಡೆಯಿತು. ಆಮೇಲೆ ಮಗುವನ್ನು ತೋರಿಸಲಿಲ್ಲ, ನೀರನ್ನಷ್ಟೇ ತೋರಿಸಿದರು, ಅದರ ಮೇಲೆ ತೇಲುವ ಚೆಂಡು. ವೈನಿ ದೃಶ್ಯ ಮುಗಿಯುವ ತನಕವೂ ಕಾಯಲಿಲ್ಲ.

“ಅಂಜಬ್ಯಾಡ್ರಿ ಕಾಕು,” ಎಂದಳು, ಸ್ವಲ್ಪ ಅವಸರದಲ್ಲೇ. “ಕೂಸಿನ ಮಾವ ಬಂದಾನ. ಚೆಂಡು ಬಿಟ್ಟು ಅವನ ಕಡೆ ಓಡಿ ಹೋಗೇತಿ. ಇವತ್ತೇ ಅದನ್ನ ಕರ್ಕೊಂಡು ಊರಿಗೆ ಹೊಂಟಾನ.”

ನಾನು ಕಿಟಕಿಯ ಕೆಳಗಿನಿಂದ ಹೇಳಿದೆ, “ಸುಳ್ಳು. ಮಗು ನೀರಲ್ಲಿ ಮುಳುಗಿ ಸತ್ತಿರೋದು. ಅವಳು ತಲೆ ಬಾಚ್ಕೊಂಡು ಕೂತಿದ್ಲು, ಮಗು ಕಡೆ ನೋಡ್ಲೇ ಇಲ್ಲ. ಅದಕ್ಕೇ ಅವಳಿಗೆ ಎಲ್ಲರೂ ಮಗು ತಿಂದವಳು ಅಂತಾರೆ. ಮೊದಲಿಂದಾನೂ ಕಥೆ ಇದೇ. ವೈನಿಗೆ ಹಿಂದಿ ಬರಲ್ಲ, ಸುಮ್ಮನೆ ಏನೇನೋ ಹೇಳ್ತಾರೆ.”

ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕಲಿತಿದ್ದ ಹಿಂದಿ ಮಾತುಗಳನ್ನೂ ನಡುವೆ ಸೇರಿಸಿದೆ. ಎಲ್ಲರೂ ವೈನಿಯ ಕಡೆ ತಿರುಗುತ್ತಾರೆ, ಅವಳ ಮುಖ ಸಣ್ಣದಾಗುತ್ತದೆ ಎಂದು ಕಾದೆ. ಅವಳು ನನ್ನನ್ನು ನೋಡಲೇ ಇಲ್ಲ. ಅವಳ ಕೈ ಓನರಮ್ಮನ ಪಾದದ ಮೇಲೆ ಹಾಗೇ ನಿಂತಿತ್ತು, ಅವಳು ಅವರ ಮುಖ ನೋಡುತ್ತಿದ್ದಳು.

ಓನರಮ್ಮ ಕಾಲನ್ನು ನೀರಿನಿಂದ ತೆಗೆದರು. ಒರೆಸಿಕೊಳ್ಳದೆ ಎದ್ದು, ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿಸುತ್ತ ಅಡುಗೆಮನೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅಷ್ಟರಲ್ಲಿ ಯಜಮಾನರು ಜಗಲಿಯಿಂದ ಒಳಗೆ ಬಂದರು. ಟೀವಿ ಹಾಕಿದಾಗ ಅವರು ಒಳಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಟೀವಿ ಆರಿಸಿ, ಅದರ ಮರದ ಬಾಗಿಲು ಎಳೆದು, “ಇವತ್ತಿಗೆ ಸಾಕು, ಎಲ್ಲರೂ ಹೊರಡ್ರಮ್ಮ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ನಾವು ಒಬ್ಬೊಬ್ಬರಾಗಿ ಎದ್ದು ಬಂದೆವು.

ವೈನಿ ಬೇಸಿನ್ ನೀರು ಚೆಲ್ಲಲು ನಲ್ಲಿಯ ಹತ್ತಿರ ಬಂದಾಗ ನಾನು ಅವಳನ್ನು ತಡೆದೆ. “ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಇರೋದನ್ನ ಹೇಳಿದೆ,” ಎಂದೆ.

ಅವಳು ಬೇಸಿನ್ ಬೋರಲು ಹಾಕಿದಳು. “ನೀವು ಹೇಳಿದ್ದು ಖರೇನ ಐತ್ರಿ. ನನಗ ಎಲ್ಲಾ ತಿಳೀತೈತಿ. ಕಾಕುಗೂ ಒಂದು ಹೆಣ್ಣು ಕೂಸು ಇತ್ರಿ. ಎರಡೂವರಿ ವರ್ಷದ್ದು. ಈ ಮನಿ ಕಟ್ಟಸಾಕತ್ತಾಗ, ಸಿಮೆಂಟಿಗೆ ನೀರು ಹಾಕಾಕ ಇಲ್ಲೇ ಒಂದು ತೊಟ್ಟಿ ಮಾಡಿದ್ರಂತ. ಕಾಕು ಗಾರಿ ಕೆಲಸದ ಗೌಂಡಿ ಜೋಡಿ ಮಾತಾಡ್ಕೋತ ನಿಂತಿದ್ರು.” ಅಲ್ಲಿಗೆ ನಿಲ್ಲಿಸಿದಳು. ಆಮೇಲೆ, “ಆ ಧಾರಾವಾಹ್ಯಾಗ ತೊಟ್ಟಲ ತೋರಿಸಿದ ದಿನಾನ ನನಗ ಅನಸ್ತು, ಮುಂದ ಇಂಥದ್ದು ಬರ್ತೈತಿ ಅಂತ. ಅದಕ್ಕ ಮೊದಲ ಬ್ಯಾರೆ ಮಾಡಿ ಹೇಳಾಕತ್ತೆ. ನಿಮಗ ಗೊತ್ತಿರ್ಲಿಲ್ಲ ಬಿಡ್ರಿ,” ಎಂದಳು.

ಇಂಥ ಹೊತ್ತಿನಲ್ಲಿ ಮನುಷ್ಯರಿಗೆ ಮೊದಲು ಪಶ್ಚಾತ್ತಾಪ ಆಗಬೇಕು. ನನಗೂ ಆಯಿತು, ಆದರೆ ಮೊದಲು ಆಗಲಿಲ್ಲ. ನನ್ನ ಬಾಯಿಂದ ಮೊದಲು ಬಂದ ಮಾತು, “ನಿಮಗೆ ಯಾವಾಗ ಹೇಳಿದ್ರು?” ಎಂದು.

“ನಾ ಬಂದ ಹೊಸದಾಗಿ. ನನಗೂ ಒಂದು ಹೋಗೇತ್ರಿ, ಹುಟ್ಟಿದ ಎಂಟು ದಿನಕ್ಕ. ಆ ಮಾತಿಗೆ ಮಾತು ಬಂತು,” ಎಂದು ಬೇಸಿನ್ ಎತ್ತಿಕೊಂಡು ಹೋದಳು.

ಮೂರು ವರ್ಷಕ್ಕೂ ಮೇಲೆ ಆ ಮನೆಯಲ್ಲಿ ಕೂತು ಓದಿದ್ದೆ, ಆ ನೆಲದ ಮೇಲೆ ಓಡಾಡಿದ್ದೆ. ನನಗೆ ಹೇಳದಿದ್ದದ್ದನ್ನು ಅವಳಿಗೆ ತಿಂಗಳೊಳಗೆ ಹೇಳಿದ್ದರು. ಆ ಇರುಳು ನನ್ನ ಗಂಡ ಬಂದು ಊಟ ಮಾಡಿ ಮಲಗಿದ ಮೇಲೂ ನಾನು ಇದನ್ನೇ ತಿರುವಿ ಹಾಕುತ್ತಿದ್ದೆ. ಒಮ್ಮೆ ಓನರಮ್ಮನ ಒದ್ದೆ ಹೆಜ್ಜೆ ನೆನಪಾಗಿ ಎದ್ದು ಕೂರುತ್ತಿದ್ದೆ. ಮರುಕ್ಷಣವೇ, ಮಗು ಕಳೆದುಕೊಂಡಿದ್ದಕ್ಕೆ ತಾನೇ ಅವಳು ಅವರಿಗೆ ಹತ್ತಿರವಾದದ್ದು, ನನ್ನ ಹತ್ತಿರ ಕಳೆದುಕೊಳ್ಳಲೂ ಏನಿರಲಿಲ್ಲವಲ್ಲ ಎಂದುಕೊಂಡೆ. ಅಂಥದ್ದಕ್ಕೂ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಆಮೇಲೆ ಅಳು ಬಂತು.

ಮಾರನೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಓನರ್ ಮನೆಗೆ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು. “ತಪ್ಪಾಯ್ತಮ್ಮ, ನನಗೆ ಗೊತ್ತಿರಲಿಲ್ಲ,” ಎಂದೆ. ಅವರು ಮೊರದಿಂದ ತಲೆಯೆತ್ತಲಿಲ್ಲ.

“ನೀನೇನು ಸುಳ್ಳು ಹೇಳಲಿಲ್ಲವಲ್ಲ. ನನಗೆ ಮಾತು ಅರ್ಥವಾಗದಿದ್ರೂ ಕಣ್ಣು ಕಾಣತ್ತಮ್ಮ. ಎರಡು ವಾರದ ಹಿಂದೇನೇ ಗೊತ್ತಾಗಿತ್ತು ಅವಳು ಬೇರೆ ಹೇಳ್ತಿದಾಳೆ ಅಂತ.”

“ಮತ್ತೆ ಯಾಕಮ್ಮ ಸುಮ್ಮನಿದ್ರಿ?”

“ಕೇಳೋಣ ಅನ್ನಿಸ್ತಿತ್ತು,” ಎಂದರು. ಸ್ವಲ್ಪ ಹೊತ್ತು ಕಲ್ಲು ಆರಿಸಿ ಬದಿಗಿಟ್ಟರು. “ಕುದುರೆ ಹತ್ತಕ್ಕೆ ಕಲ್ತಿದೆ ಅಂದ್ಲಲ್ಲ ಅವತ್ತು. ಅದನ್ನ ಕೇಳಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ನನಗೆ.”

ನಾನು ಪಕ್ಕದಲ್ಲಿ ಕೂತು ಮೊರದ ಇನ್ನೊಂದು ಅಂಚಿನಿಂದ ಅಕ್ಕಿ ಆರಿಸಿದೆ. ಅವರು ಹೋಗು ಎನ್ನಲಿಲ್ಲ.

ಮುಂದಿನ ವಾರ ಯಥಾಪ್ರಕಾರ ಎಲ್ಲರೂ ಸೇರಿದೆವು. ಓನರಮ್ಮನೇ ಟೀವಿಯ ಬಾಗಿಲು ತೆಗೆದರು. ಆದರೆ ವೈನಿ ಕಥೆ ಹೇಳಲು ಒಪ್ಪಲಿಲ್ಲ. “ಅಕ್ಕಾರ ಹೇಳ್ಲಿ, ಅವರಿಗೂ ಬರ್ತೈತಿ,” ಎಂದಳು. ಅದು ಚುಚ್ಚುಮಾತಲ್ಲ, ಅವಳ ದನಿಯಲ್ಲಿ ಹಾಗೇನೂ ಇರಲಿಲ್ಲ. ಇಷ್ಟು ದಿನ ನಾನು ಬಯಸಿದ್ದ ಜಾಗ ಸಿಕ್ಕಿತು. ಆಫೀಸಿನ ಗೆಳತಿಯಿಂದ ಕೇಳಿಕೊಂಡು ಬಂದದ್ದು, ಕಿವಿಗೆ ಬಿದ್ದ ನಾಲ್ಕು ಮಾತು, ಎರಡನ್ನೂ ಸೇರಿಸಿ ಹೇಳಿದೆ. ಎಲ್ಲ ಸರಿಯಾಗಿಯೇ ಇತ್ತು. ಆದರೆ ನನ್ನ ಮಾತಿಗೆ ಯಾರೂ ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ. ಒಬ್ಬಾಕೆ ಆಕಳಿಸಿದಳು. ಎರಡನೆಯ ವಾರ ನಾನೇ, “ವೈನಿ, ನೀವೇ ಹೇಳ್ರಿ, ನನಗೆ ಅರ್ಥ ಆಗ್ತಿಲ್ಲ,” ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಓನರಮ್ಮನ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಶುರು ಮಾಡಿದಳು. ಕೊನೆಯ ಕಂತಿನಲ್ಲಿ, ಟೀವಿಯಲ್ಲಿ ಬಂಗಲೆಗೆ ಬೆಂಕಿ ಬಿದ್ದು ಎಲ್ಲರೂ ಸತ್ತರೂ ಅವಳ ಕಥೆಯಲ್ಲಿ ಆ ಮಗು ದೊಡ್ಡ ಹುಡುಗಿಯಾಗಿ, ಮಾವನ ಜೊತೆ ಬಂದು, ಸುಟ್ಟ ಮನೆಯ ಮುಂದೆ ನಿಂತು ತಾಯಿಯ ಹೆಸರು ಕರೆದಳು. ಬಿಳಿ ಸೀರೆಯವಳು ಅದನ್ನು ಕೇಳಿ ಮೇಣದಬತ್ತಿ ಆರಿಸಿದಳು. ಇಷ್ಟೂ ಸುಳ್ಳು ಎಂದು ನನಗೂ ಗೊತ್ತಿತ್ತು, ಓನರಮ್ಮನಿಗೂ ಗೊತ್ತಿತ್ತು. ನಾನು ಅತ್ತೆ. ಅಳುತ್ತಲೇ, ನನಗೆ ಜನ್ಮದಲ್ಲಿ ಹೀಗೆ ಹೇಳಲು ಬರುವುದಿಲ್ಲ ಎಂದು ಉರಿದುಕೊಂಡೆ.

ಮರುವರ್ಷ ವೈನಿಯ ಗಂಡನಿಗೆ ಊರ ಕಡೆಯೇ ಕೆಲಸ ಸಿಕ್ಕಿತು. ಲಾರಿಗೆ ಸಾಮಾನು ಹೇರುವ ದಿನ ನಾನು ಸಹಾಯಕ್ಕೆ ನಿಂತೆ. ಹೊರಡುವ ಮುಂಚೆ ಶೇಂಗಾ ಚಟ್ನಿಪುಡಿ ಮಾಡುವ ಬಗೆ ಕೇಳಿದೆ. ಅವಳು ಸಾಮಾನಿನ ನಡುವೆ ನಿಂತೇ, ಬೆಳ್ಳುಳ್ಳಿ ಎಷ್ಟು, ಜೀರಿಗೆ ಯಾವಾಗ, ಕುಟ್ಟುವುದು ಹೇಗೆ ಎಂದು ಎರಡೆರಡು ಸಲ ಹೇಳಿದಳು. ಓನರಮ್ಮ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತರು. ಲಾರಿ ತಿರುವು ದಾಟಿದಾಗ ನನಗೆ ಒಳಗೊಳಗೇ ಹಗುರವೆನಿಸಿತು. ಇದನ್ನು ಮುಚ್ಚಿಡುವುದಿಲ್ಲ.

ಆ ಸಂಜೆ ಓನರಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತೇ ಇದ್ದರು, ದೀಪ ಹಚ್ಚಲೂ ಏಳಲಿಲ್ಲ. ನಾನು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಅವರು ತಾವಾಗಿ ಮಗುವಿನ ಮಾತು ತೆಗೆದರು. ಮುಳುಗಿದ್ದನ್ನು ಹೇಳಲಿಲ್ಲ. ಅದಕ್ಕೆ ಬೆಲ್ಲ ಎಂದರೆ ಪ್ರಾಣವಾಗಿತ್ತು, ಗಾರೆ ಕೆಲಸದವರ ಹಿಂದೆ ಓಡಾಡಿ ಮೈತುಂಬ ಸಿಮೆಂಟ್ ಮಾಡಿಕೊಂಡು ಬರುತ್ತಿತ್ತು, ಬೈದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು ಎಂದರು. ಆಮೇಲೆ ಅದರ ಹೆಸರು ಹೇಳಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ವೈನಿಗೂ ಹೆಸರು ಹೇಳಿದ್ರಾ ಅಮ್ಮ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಎದ್ದು ಒಳಗೆ ಹೋಗಿ ಅವರ ದೇವರಮನೆಯ ದೀಪ ಹಚ್ಚಿ ಬಂದೆ.